ತಲೆಯೊಳಗಿನ ಕಾಮೆಂಟರಿ: ಮೈಂಡ್‌ಫುಲ್‌ನೆಸ್ ಧ್ಯಾನಕ್ಕೆ ಎಂಟು ವಾರದ ಮಾರ್ಗದರ್ಶಿ

ಧ್ಯಾನಕ್ಕೆ ಹೊಸದಾಗಿ ಕೂತವರಲ್ಲಿ ಹೆಚ್ಚಿನವರು ಮೊದಲ ವಾರದಲ್ಲೇ ಒಂದು ಮಾತು ಹೇಳುತ್ತಾರೆ. "ನನ್ನ ತಲೆ ಒಂದು ನಿಮಿಷವೂ ಸುಮ್ಮನಿರಲ್ಲ, ಇದು ನಮ್ಮಂಥವರಿಗಲ್ಲ ಬಿಡಿ." ಕಣ್ಣು ಮುಚ್ಚಿದ್ದೇ ತಡ, ಹಾಲಿನ ಲೆಕ್ಕ, ಆಫೀಸಿನಲ್ಲಿ ಯಾರೋ ಅಂದ ಮಾತು, ಮಗಳ ಫೀಸು, ಹತ್ತು ವರ್ಷದ ಹಿಂದಿನ ಅವಮಾನ ಎಲ್ಲ ಒಟ್ಟಿಗೆ ಬರುತ್ತವೆ. ಐದು ನಿಮಿಷಕ್ಕೆ ಎದ್ದುಬಿಡುತ್ತಾರೆ. ಮತ್ತೆ ಕೂರುವುದಿಲ್ಲ.

ಅಂಥವರಿಗಾಗಿ ಈ ಲೇಖನ. ತಲೆ ಓಡುತ್ತದೆ ಎಂದಾದರೆ ಧ್ಯಾನ ಕೆಟ್ಟಿತು ಎಂದು ಅರ್ಥ ಅಲ್ಲ. ಓಡುತ್ತಿದೆ ಎಂದು ಗೊತ್ತಾಗುತ್ತದಲ್ಲ, ಆ ಕ್ಷಣವೇ ಇಲ್ಲಿ ಕಸರತ್ತು. ಮೆದುಳಿನ ಸ್ಕ್ಯಾನ್‌ಗಳೂ ಸುಮಾರಾಗಿ ಇದನ್ನೇ ಹೇಳುತ್ತವೆ. ಇದನ್ನು ಸಾಕಷ್ಟು ದಿನ ಮಾಡಿದರೆ ಇನ್ನೊಂದು ವಿಚಿತ್ರವೂ ಕಣ್ಣಿಗೆ ಬೀಳುತ್ತದೆ. ನಾವು "ನಾನು" ಅಂದುಕೊಂಡಿರುವುದರಲ್ಲಿ ದೊಡ್ಡ ಪಾಲು, ತಲೆಯೊಳಗೆ ಬಿಡದೆ ನಡೆಯುವ ಒಂದು ಮಾತು.

ಇಲ್ಲಿ ಹೇಳುವ ಮೈಂಡ್‌ಫುಲ್‌ನೆಸ್, ಅಂದರೆ ಈ ಕ್ಷಣ ಆಗುತ್ತಿರುವುದನ್ನು ತೀರ್ಪು ಕೊಡದೆ ಗಮನಿಸುವ ಅಭ್ಯಾಸದ ಬೇರು ಬೌದ್ಧ ಪರಂಪರೆಯಲ್ಲಿದೆ. ಅದನ್ನು ಆಸ್ಪತ್ರೆಗೆ ತಂದವರು ಜಾನ್ ಕಬಾಟ್-ಜಿನ್. ಇವರು ಓದಿದ್ದು ಮಾಲಿಕ್ಯುಲರ್ ಬಯಾಲಜಿ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ, ಔಷಧಿಯಿಂದ ನೋವು ಕಡಿಮೆಯಾಗದ ರೋಗಿಗಳಿಗೆ ಒಂದು ತರಗತಿ ಶುರು ಮಾಡಿದರು. ಮುಂದೆ ಅದು ಎಂಟು ವಾರದ ಅಚ್ಚಿಗೆ ಬಂತು. ವಾರಕ್ಕೊಮ್ಮೆ ಎರಡೂವರೆ ಗಂಟೆ ಕ್ಲಾಸು, ಮನೆಯಲ್ಲಿ ದಿನಕ್ಕೆ ಸುಮಾರು 45 ನಿಮಿಷ ಅಭ್ಯಾಸ, ನಡುವೆ ಒಂದು ಇಡೀ ದಿನದ ಮೌನ. ಎಂಬಿಎಸ್‌ಆರ್ (ಮೈಂಡ್‌ಫುಲ್‌ನೆಸ್ ಬೇಸ್ಡ್ ಸ್ಟ್ರೆಸ್ ರಿಡಕ್ಷನ್) ಎಂದು ಕರೆಯುವುದು ಇದನ್ನೇ. ಧ್ಯಾನದ ಮೇಲಿನ ಬಹಳಷ್ಟು ಸಂಶೋಧನೆ ನಡೆದಿರುವುದು ಈ ಎಂಟು ವಾರದ ಅಚ್ಚಿನಲ್ಲೇ. ಹಾಗಾಗಿ ನಾವೂ ಎಂಟು ವಾರವನ್ನೇ ಇಟ್ಟುಕೊಳ್ಳೋಣ. ನಿಮಿಷ ಮಾತ್ರ ಕಡಿಮೆಯಿಂದ ಶುರು ಮಾಡೋಣ.

ಮೊದಲು ಸ್ವಲ್ಪ ಮೆದುಳಿನ ವಿಷಯ

ಮೆದುಳಿನ ತೂಕ ಮೈತೂಕದ ಶೇಕಡಾ 2ರಷ್ಟು. ಅದು ತಿನ್ನುವ ಶಕ್ತಿ ಮಾತ್ರ ಶೇಕಡಾ 20ರಷ್ಟು. ನೀವು ಸುಮ್ನೆ ಕೂತಿದ್ದರೂ ಈ ಖರ್ಚು ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಕಷ್ಟದ ಲೆಕ್ಕ ಬಿಡಿಸಲು ಕೂತರೆ ಏರುವುದು ತೀರಾ ಸ್ವಲ್ಪ. ಹಾಗಾದರೆ ಏನೂ ಕೆಲಸ ಇಲ್ಲದಾಗ ಅದು ಏನು ಮಾಡುತ್ತಿರುತ್ತದೆ?

2001ರಲ್ಲಿ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮಾರ್ಕಸ್ ರೈಕಲ್ ಮತ್ತು ಜೊತೆಗಾರರು ಇದಕ್ಕೆ ಒಂದು ಹೆಸರು ಕೊಟ್ಟರು. ಗಮನ ಬೇಡುವ ಕೆಲಸ ಕೊಟ್ಟಾಗ ಮೆದುಳಿನ ಕೆಲವು ಭಾಗಗಳು ತಣ್ಣಗಾಗುತ್ತವೆ. ಕೆಲಸ ಮುಗಿದದ್ದೇ ಅವು ಒಟ್ಟಾಗಿ ಎದ್ದು ಕೂರುತ್ತವೆ. ಹಣೆಯ ಹಿಂದಿನ ನಡುಭಾಗ, ತಲೆಯ ಹಿಂಬದಿಯಲ್ಲಿ ಒಳಗಿರುವ ಪೋಸ್ಟೀರಿಯರ್ ಸಿಂಗ್ಯುಲೇಟ್, ಕಿವಿಯ ಮೇಲ್ಬದಿಯ ಒಂದಷ್ಟು ಜಾಗ, ಇವು ಆ ಗುಂಪಿನ ಮುಖ್ಯ ಸದಸ್ಯರು. ಈಗ ಇದನ್ನು ಡೀಫಾಲ್ಟ್ ಮೋಡ್ ನೆಟ್‌ವರ್ಕ್ ಎನ್ನುತ್ತಾರೆ. ನಿನ್ನೆಯದನ್ನು ನೆನೆಯುವುದು, ನಾಳೆಯದನ್ನು ಊಹಿಸುವುದು, ಅವರು ನನ್ನ ಬಗ್ಗೆ ಏನಂದುಕೊಂಡರೋ ಎಂದು ಕೊರಗುವುದು, ಇಂಥ ಹೊತ್ತಲ್ಲೆಲ್ಲ ಇದು ಚುರುಕು.

ಕ್ರಿಕೆಟ್ ಕಾಮೆಂಟರಿ ನೆನಪಿಸಿಕೊಳ್ಳಿ. ಚೆಂಡು ಓಡುವುದು ಕೆಲವೇ ಸೆಕೆಂಡು. ಮಾತು ಮಾತ್ರ ನಿಲ್ಲುವುದಿಲ್ಲ. ಹಿಂದಿನ ಓವರ್, ಹೋದ ವರ್ಷದ ಮ್ಯಾಚು, ಈ ಆಟಗಾರನ ಭವಿಷ್ಯ ಎಲ್ಲ ಬರುತ್ತವೆ. ನಮ್ಮ ತಲೆಯಲ್ಲಿ ನಡೆಯುವ ಕಾಮೆಂಟರಿಯಲ್ಲಿ ಆಟಗಾರ ಒಬ್ಬನೇ, "ನಾನು".

ಇದು ಎಷ್ಟು ಹೊತ್ತು ನಡೆಯುತ್ತದೆ? ಹಾರ್ವರ್ಡ್‌ನ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ 2010ರಲ್ಲಿ 2,250 ಜನರನ್ನು ಫೋನ್ ಆ್ಯಪ್ ಮೂಲಕ ಹೊತ್ತಲ್ಲದ ಹೊತ್ತಲ್ಲಿ ಕೇಳಿದರು: ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಎಲ್ಲಿದೆ, ಹೇಗಿದ್ದೀರಿ? ಶೇಕಡಾ 46.9 ಸಲ ಮನಸ್ಸು ಮಾಡುತ್ತಿದ್ದ ಕೆಲಸದ ಮೇಲಿರಲಿಲ್ಲ. ಹಾಗೆ ಅಲೆಯುತ್ತಿದ್ದಾಗ ಜನ ಅಷ್ಟು ಖುಷಿಯಾಗಿಯೂ ಇರಲಿಲ್ಲ. ಹಾಗೆಂದು ಈ ನೆಟ್‌ವರ್ಕನ್ನು ಖಳನಾಯಕ ಮಾಡಬೇಡಿ. ನೆನಪು, ಯೋಜನೆ, ಇನ್ನೊಬ್ಬರ ಮನಸ್ಸು ಅರಿಯುವುದು ಎಲ್ಲದಕ್ಕೂ ಇದು ಬೇಕು. ಕೆಲವು ವಿಡಿಯೊಗಳಲ್ಲಿ ಇದನ್ನು "ಅಹಂಕಾರದ ಕೇಂದ್ರ" ಅನ್ನುತ್ತಾರೆ, ಅದನ್ನು ಆರಿಸಿಬಿಡಿ ಅನ್ನುತ್ತಾರೆ. ಅಂಥದ್ದೇನೂ ಆಗುವುದಿಲ್ಲ, ಆಗಲೂಬಾರದು.

ಹಂತ 1: ಕೂರುವುದು

ಇದರಲ್ಲಿ ಜಾಸ್ತಿ ಹೇಳುವುದಿಲ್ಲ. ಚಾಪೆ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಬಹುದು, ಕುರ್ಚಿಯ ಮೇಲೂ ಕೂರಬಹುದು. ಮಂಡಿ ನೋವಿದ್ದರೆ ಕುರ್ಚಿಯೇ ಸರಿ, ಅದರಿಂದ ಧ್ಯಾನದ ತೂಕ ಕಡಿಮೆಯಾಗುವುದಿಲ್ಲ. ಬೆನ್ನು ನೆಟ್ಟಗಿರಲಿ, ಬಿಗಿ ಬೇಡ. ಕಣ್ಣು ಮುಚ್ಚಿದರೆ ನಿದ್ದೆ ಬರುವವರು ನಾಲ್ಕಡಿ ಮುಂದಿನ ನೆಲ ನೋಡುತ್ತ ಕೂರಿ.

ಹೊತ್ತು ಯಾವುದಾದರೂ ಆಗಲಿ, ದಿನವೂ ಅದೇ ಹೊತ್ತಾದರೆ ಒಳ್ಳೆಯದು. ಊಟ ಆದ ಕೂಡಲೇ ಬೇಡ. ಮನೆಯಲ್ಲಿ ಕುಕ್ಕರ್ ಕೂಗುತ್ತದೆ, ಪಕ್ಕದ ಮನೆಯ ಟಿವಿ ಕೇಳುತ್ತದೆ ಎಂದು ನಿಶ್ಶಬ್ದಕ್ಕೆ ಕಾಯುತ್ತ ಕೂತರೆ ಆ ದಿನ ಬರುವುದೇ ಇಲ್ಲ. ಮೊದಲ ಎರಡು ವಾರ ಹತ್ತು ನಿಮಿಷ ಸಾಕು. ಫೋನಿನಲ್ಲಿ ಟೈಮರ್ ಇಟ್ಟು, ಅದನ್ನು ಕೈಗೆ ಸಿಗದಷ್ಟು ದೂರ ಇಡಿ.

ಹಂತ 2: ಉಸಿರು

ಉಸಿರು ಎಲ್ಲಿ ಚೆನ್ನಾಗಿ ತಿಳಿಯುತ್ತದೆ ನೋಡಿ. ಕೆಲವರಿಗೆ ಮೂಗಿನ ತುದಿಯಲ್ಲಿ, ಕೆಲವರಿಗೆ ಎದೆಯಲ್ಲಿ, ಕೆಲವರಿಗೆ ಹೊಟ್ಟೆ ಏರಿಳಿಯುವುದರಲ್ಲಿ. ಒಂದು ಜಾಗ ಆರಿಸಿಕೊಂಡು ಅಲ್ಲೇ ಇರಿ. ದಿನಕ್ಕೊಂದು ಜಾಗ ಬದಲಿಸಬೇಡಿ.

ಉಸಿರನ್ನು ಉದ್ದ ಮಾಡುವುದು, ಹಿಡಿಯುವುದು ಏನೂ ಬೇಡ. ಅದು ಪ್ರಾಣಾಯಾಮ, ಅದರ ದಾರಿಯೇ ಬೇರೆ. ಇಲ್ಲಿ ಉಸಿರು ಹೇಗೆ ಬರುತ್ತದೋ ಹಾಗೆ ಬರಲಿ. ಗಮನ ನಿಲ್ಲದಿದ್ದರೆ ಹೊರಬಿಡುವ ಪ್ರತಿ ಉಸಿರಿಗೆ ಒಂದೊಂದು ಎಣಿಸಿ. ಹತ್ತಕ್ಕೆ ಬಂದ ಮೇಲೆ ಮತ್ತೆ ಒಂದರಿಂದ. ಹದಿನೇಳಕ್ಕೆ ಹೋಗಿದ್ದೀರಿ ಎಂದು ಗೊತ್ತಾದರೆ ನಕ್ಕು ವಾಪಸ್ ಬನ್ನಿ. ಎಲ್ಲರಿಗೂ ಆಗುತ್ತದೆ.

ಉಸಿರನ್ನು ಗಮನಿಸಲು ಹೋದರೆ ಉಸಿರೇ ಕಟ್ಟಿದಂತಾಗುವವರೂ ಇದ್ದಾರೆ. ಅಸ್ತಮಾ ಇರುವವರಿಗೆ, ಪ್ಯಾನಿಕ್ ಅಟ್ಯಾಕ್ ಅನುಭವಿಸಿದವರಿಗೆ ಹೀಗಾಗಬಹುದು. ಅಂಥವರು ಪಾದ ನೆಲಕ್ಕೆ ತಾಗಿರುವ ಜಾಗಕ್ಕೋ, ಸುತ್ತಲಿನ ಸದ್ದಿಗೋ ಗಮನ ಕೊಡಲಿ. ಫ್ಯಾನಿನ ಸದ್ದು ಕೂಡ ಆಗುತ್ತದೆ. ಉಸಿರೇ ಆಗಬೇಕು ಎಂದೇನಿಲ್ಲ.

ಹಂತ 3: ಜಾರಿದ್ದನ್ನು ಹಿಡಿಯುವುದು

ಇಡೀ ಅಭ್ಯಾಸದ ಜೀವ ಇಲ್ಲಿದೆ, ಹಾಗಾಗಿ ಸ್ವಲ್ಪ ನಿಧಾನಕ್ಕೆ ಹೋಗೋಣ.

ಅಟ್ಲಾಂಟದ ಎಮೊರಿ ವಿಶ್ವವಿದ್ಯಾಲಯದಲ್ಲಿ ವೆಂಡಿ ಹಾಸೆನ್‌ಕ್ಯಾಂಪ್ ಮತ್ತು ಸಂಗಡಿಗರು ಒಂದು ಜಾಣ ಪ್ರಯೋಗ ಮಾಡಿದರು. 2012ರಲ್ಲಿ ಅದು ಪ್ರಕಟವಾಯಿತು. ಧ್ಯಾನ ಅಭ್ಯಾಸ ಇದ್ದ 14 ಜನರನ್ನು ಸ್ಕ್ಯಾನರ್ ಒಳಗೆ ಮಲಗಿಸಿ 20 ನಿಮಿಷ ಉಸಿರು ಗಮನಿಸಲು ಹೇಳಿದರು. ಒಂದೇ ಷರತ್ತು. ಮನಸ್ಸು ಎಲ್ಲೋ ಹೋಗಿತ್ತು ಎಂದು ಗೊತ್ತಾದ ತಕ್ಷಣ ಬಟನ್ ಒತ್ತಬೇಕು, ಒತ್ತಿ ಉಸಿರಿಗೆ ವಾಪಸ್ ಬರಬೇಕು. ಆ ಬಟನ್ ಒತ್ತಿದ ಗಳಿಗೆಯ ಹಿಂದೆ ಮುಂದೆ ಮೆದುಳಲ್ಲಿ ಏನೇನಾಯಿತು ಎಂದು ನೋಡಿದರು.

ನಾಲ್ಕು ಘಟ್ಟ ಸಿಕ್ಕವು. ಬಟನ್ ಒತ್ತುವ ಮುಂಚೆ, ಮನಸ್ಸು ಅಲೆಯುತ್ತಿದ್ದಾಗ ಡೀಫಾಲ್ಟ್ ಮೋಡ್ ಭಾಗಗಳು ಚುರುಕಾಗಿದ್ದವು. ಗೊತ್ತಾದ ಗಳಿಗೆಯಲ್ಲಿ ಬೇರೆಯೇ ಗುಂಪು ಎದ್ದಿತು. ಅದರಲ್ಲಿ ಮೆದುಳಿನ ಒಳಮಡಿಕೆಯಲ್ಲಿರುವ ಇನ್ಸುಲಾ ಎಂಬ ಜಾಗದ ಮುಂಭಾಗ ಮುಖ್ಯ. ಇಲ್ಲಿ ಏನೋ ಗಮನಿಸಬೇಕಾದದ್ದು ಇದೆ ಎಂದು ಎಚ್ಚರಿಸುವ ಗುಂಪು ಅದು. ಆಮೇಲೆ ಗಮನ ತಿರುಗಿಸುವ ಭಾಗಗಳು ಕೆಲಸ ಮಾಡಿದವು. ಕೊನೆಗೆ ಹಣೆಯ ಹಿಂದೆ ಪಕ್ಕದಲ್ಲಿರುವ ಭಾಗ ಗಮನವನ್ನು ಉಸಿರಿನ ಮೇಲೆ ಹಿಡಿದಿಟ್ಟಿತು. ಸ್ವಲ್ಪ ಹೊತ್ತಿಗೆ ಮತ್ತೆ ಅಲೆತ. ಮತ್ತೆ ಅದೇ ಸುತ್ತು.

ಜಾರುವುದು, ಗೊತ್ತಾಗುವುದು, ತಿರುಗುವುದು, ಇರುವುದು. ಹತ್ತು ನಿಮಿಷದಲ್ಲಿ ನಲವತ್ತು ಸಲ ಜಾರಿ ನಲವತ್ತು ಸಲ ವಾಪಸ್ ಬಂದರೆ, ಈ ಸುತ್ತು ನಲವತ್ತು ಸಲ ಆಯಿತು. ಒಮ್ಮೆಯೂ ಜಾರದೆ ಕೂತವನಿಗೆ ಎರಡನೆಯ ಘಟ್ಟದ ಅಭ್ಯಾಸವೇ ಆಗಲಿಲ್ಲ, ಅಲ್ವಾ?

ಹಾಗಾದರೆ ಮಾಡಬೇಕಾದದ್ದು ಇಷ್ಟು. ಮನಸ್ಸು ಹೋಗಿತ್ತು ಎಂದು ಗೊತ್ತಾದಾಗ ಒಂದು ಕ್ಷಣ ಅಲ್ಲೇ ನಿಲ್ಲಿ. "ಓ, ಹೋಗಿತ್ತು" ಎಂದು ತಿಳಿಯಲಿ. ಎಲ್ಲಿ ಹೋಗಿತ್ತು, ಯಾಕೆ ಹೋಯಿತು ಎಂದು ತನಿಖೆ ಬೇಡ. ಆ ತನಿಖೆಯೂ ಕಾಮೆಂಟರಿಯೇ. ಬೈದುಕೊಳ್ಳುವುದಂತೂ ಬೇಡವೇ ಬೇಡ. "ಛೆ, ನನ್ನ ಕೈಲಿ ಇದೂ ಆಗಲ್ಲ" ಅಂದುಕೊಂಡಿರೋ, ಮತ್ತೆ "ನಾನು" ಕಥೆಯ ಒಳಗೇ ಹೋದಿರಿ. ಮೆಲ್ಲಗೆ ಮುಂದಿನ ಉಸಿರಿಗೆ ಬನ್ನಿ.

ಹಟ ಹಿಡಿದು ಮಾಡುವವರಿಗೆ ಇನ್ನೊಂದು ಮಾತು. ಯೇಲ್ ವಿಶ್ವವಿದ್ಯಾಲಯದಲ್ಲಿ ಜಡ್ಸನ್ ಬ್ರೂವರ್ ಅವರ ತಂಡ ಅನುಭವಿ ಧ್ಯಾನಿಗಳಿಗೆ ಅವರದೇ ಪೋಸ್ಟೀರಿಯರ್ ಸಿಂಗ್ಯುಲೇಟಿನ (ಡೀಫಾಲ್ಟ್ ಮೋಡ್ ಗುಂಪಿನ ಮುಖ್ಯ ಸದಸ್ಯ) ಏರಿಳಿತವನ್ನು ಗ್ರಾಫಾಗಿ ಆಗಿಂದಾಗಲೇ ತೋರಿಸಿತು. 2013ರಲ್ಲಿ ಬಂದ ಫಲಿತಾಂಶ ಹೀಗಿತ್ತು. ಮನಸ್ಸು ಅಲೆದಾಗ ಗ್ರಾಫ್ ಏರುತ್ತಿತ್ತು, ಇದು ನಿರೀಕ್ಷಿತವೇ. ಗಮನವನ್ನು ಬಲವಂತವಾಗಿ ಹಿಡಿಯಲು ಹೆಣಗಿದಾಗಲೂ ಏರುತ್ತಿತ್ತು! ಹೆಣಗಾಟ ಬಿಟ್ಟು ಸುಮ್ಮನೆ ಗಮನಿಸುತ್ತಿದ್ದಾಗ ಇಳಿಯುತ್ತಿತ್ತು. ನಮ್ಮ ಊರಿನ ಹಿರಿಯರಾಗಿದ್ದರೆ ಇದನ್ನು ಗ್ರಾಫ್ ಇಲ್ಲದೆಯೇ ಹೇಳುತ್ತಿದ್ದರು.

ಹಂತ 4: ಹೆಸರಿಡುವುದು

ಮೂರನೆಯ ವಾರಕ್ಕೆ ಹದಿನೈದು ನಿಮಿಷಕ್ಕೆ ಏರಿಸಿ. ಜೊತೆಗೆ ಇದನ್ನು ಸೇರಿಸಿ. ಮನಸ್ಸು ಜಾರಿದ್ದು ಗೊತ್ತಾದಾಗ, ಬಂದದ್ದಕ್ಕೆ ಒಂದು ಪದದ ಹೆಸರು ಕೊಡಿ. "ಯೋಚನೆ." "ನೆನಪು." "ಸಿಟ್ಟು." "ಭಯ." "ತುರಿಕೆ." ಮನಸ್ಸಿನಲ್ಲೇ, ಮೆತ್ತಗೆ, ಒಂದೇ ಪದ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಶಾಖೆಯ ಮ್ಯಾಥ್ಯೂ ಲೀಬರ್‌ಮನ್ 2007ರಲ್ಲಿ ತೋರಿಸಿದ್ದು ಇದಕ್ಕೆ ಹೊಂದುತ್ತದೆ. ಸಿಟ್ಟು, ಭಯ ತುಂಬಿದ ಮುಖಗಳ ಚಿತ್ರ ತೋರಿಸಿದಾಗ ಅಪಾಯ, ಭಯಕ್ಕೆ ಸ್ಪಂದಿಸುವ ಅಮಿಗ್ಡಲಾ ಎಂಬ ಭಾಗ ಎಚ್ಚರಗೊಳ್ಳುತ್ತದೆ. ಆ ಭಾವನೆಗೆ ಸರಿಯಾದ ಪದ ಆರಿಸಲು ಹೇಳಿದರೆ ಅದೇ ಅಮಿಗ್ಡಲಾ ತಗ್ಗುತ್ತದೆ, ಬಲಗಡೆ ಹಣೆಯ ಹಿಂದಿನ ಒಂದು ಭಾಗ ಚುರುಕಾಗುತ್ತದೆ. ಈ ಪ್ರಯೋಗದಲ್ಲಿ ಧ್ಯಾನ ಇರಲಿಲ್ಲ. ಬರೀ ಹೆಸರು ಕೊಡುವುದಷ್ಟೇ ಇತ್ತು.

ಹೆಸರು ಕೊಡುವಾಗ ಒಂದು ಎಚ್ಚರ ಇರಲಿ. "ನನಗೆ ಸಿಟ್ಟು ಬಂದಿದೆ, ಯಾಕಂದರೆ ಅತ್ತೆ ಹಾಗಂದರು" ಎಂಬಲ್ಲಿಗೆ ಹೋದರೆ ಅದು ಹೆಸರಲ್ಲ, ಧಾರಾವಾಹಿಯ ಮುಂದಿನ ಕಂತು. "ಸಿಟ್ಟು" ಅಷ್ಟೇ. ಯಾರ ಸಿಟ್ಟು ಎಂಬುದನ್ನೂ ಬಿಡಿ.

ಹಂತ 5: ಮೈಯ ಮೇಲೆ ಗಮನ

ಐದನೆಯ ವಾರದಿಂದ ದಿನ ಬಿಟ್ಟು ದಿನ ಇದನ್ನು ಮಾಡಿ. ಮಲಗಿ ಮಾಡಬಹುದು. ಇಪ್ಪತ್ತು ನಿಮಿಷ ಬೇಕು.

ಎಡಗಾಲಿನ ಬೆರಳುಗಳಿಂದ ಶುರು ಮಾಡಿ. ಅಲ್ಲಿ ಏನು ತಿಳಿಯುತ್ತದೆ? ಬಿಸಿ, ತಂಪು, ಜೋಮು, ಬಟ್ಟೆ ತಾಗುವುದು, ಅಥವಾ ಏನೂ ಇಲ್ಲ. ಏನೂ ತಿಳಿಯದಿದ್ದರೆ "ಏನೂ ಇಲ್ಲ" ಎಂಬುದೇ ಉತ್ತರ. ಅಂಗಾಲು, ಮೀನಖಂಡ, ಮಂಡಿ, ತೊಡೆ ಎಂದು ಏರಿ ಬನ್ನಿ. ಬಲಗಾಲು, ಹೊಟ್ಟೆ, ಬೆನ್ನು, ಎದೆ, ಕೈಗಳು, ಕುತ್ತಿಗೆ, ದವಡೆ, ಹುಬ್ಬಿನ ನಡು, ನೆತ್ತಿ. ದವಡೆ ಬಿಗಿದುಕೊಂಡಿರುವುದು ಬಹಳ ಜನಕ್ಕೆ ಆಗಲೇ ಮೊದಲ ಸಲ ಗೊತ್ತಾಗುವುದು.

ಮೈಯ ಒಳಗಿನ ಸುದ್ದಿ ತಲುಪುವ ಮುಖ್ಯ ಜಾಗ ಇನ್ಸುಲಾ. ಎದೆಬಡಿತ, ಹಸಿವು, ಉಸಿರಿನ ಎಳೆತ ಎಲ್ಲ ಅಲ್ಲಿ ದಾಖಲಾಗುತ್ತವೆ. ಇದು "ನಾನು" ಎಂಬುದಕ್ಕೆ ಯಾಕೆ ಮುಖ್ಯ ಎಂದರೆ, ಟೊರಾಂಟೋದಲ್ಲಿ ನಾರ್ಮನ್ ಫಾರ್ಬ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಈ ವಿಷಯದಲ್ಲಿ ನನಗೆ ತುಂಬ ಹಿಡಿಸಿದ್ದು ಅದೇ. ಜನರಿಗೆ ಸ್ವಭಾವ ಹೇಳುವ ಪದಗಳನ್ನು ತೋರಿಸಿದರು. ಒಂದು ಸಲ "ಈ ಪದ ನಿಮ್ಮ ಬಗ್ಗೆ ಏನು ಹೇಳುತ್ತದೆ, ಯೋಚಿಸಿ" ಎಂದರು. ಇನ್ನೊಂದು ಸಲ "ಪದ ಓದಿದಾಗ ಈ ಕ್ಷಣ ನಿಮ್ಮಲ್ಲಿ ಏನಾಗುತ್ತದೋ ಅದನ್ನಷ್ಟೇ ಗಮನಿಸಿ" ಎಂದರು. ಮೊದಲನೆಯದು ಕಥೆಯ "ನಾನು". ಎರಡನೆಯದು ಈ ಕ್ಷಣದ "ನಾನು".

ಧ್ಯಾನ ಕಲಿಯದವರಲ್ಲಿ ಈ ಎರಡಕ್ಕೂ ಮೆದುಳಿನಲ್ಲಿ ಅಷ್ಟೇನೂ ವ್ಯತ್ಯಾಸ ಕಾಣಲಿಲ್ಲ. ಕ್ಷಣ ಗಮನಿಸಿ ಎಂದರೂ ಕಥೆಯೇ ಓಡುತ್ತಿತ್ತು. ಎಂಟು ವಾರದ ತರಬೇತಿ ಪಡೆದವರಲ್ಲಿ ಎರಡೂ ಬೇರೆಯಾದವು. ಕ್ಷಣ ಗಮನಿಸುವಾಗ ಹಣೆಯ ಹಿಂದಿನ ನಡುಭಾಗ ತಗ್ಗಿತು, ಬಲಗಡೆಯ ಇನ್ಸುಲಾ ಚುರುಕಾಯಿತು. ಕಥೆ ಹೇಳುವ "ನಾನು", ಅನುಭವಿಸುವ "ನಾನು", ಎರಡಕ್ಕೂ ನಡುವೆ ಒಂದು ಗೆರೆ ಬಿತ್ತು. ಕಥೆಯ "ನಾನು" ಸಾಯಲಿಲ್ಲ. ಬೇಕಾದಾಗ ಅದೂ ಬರುತ್ತಿತ್ತು.

ಹಂತ 6: "ನಾನು" ಎಲ್ಲಿದೆ ಎಂದು ನೋಡುವುದು

ಬೈಲಕುಪ್ಪೆಯಲ್ಲಿರುವ ಟಿಬೆಟಿ ಬೌದ್ಧರ ಸೆರಾ ಮಠಕ್ಕೆ ಹೋದವರು ಭಿಕ್ಷುಗಳು ಅಂಗಳದಲ್ಲಿ ಚಪ್ಪಾಳೆ ತಟ್ಟಿ, ಕಾಲು ಅಪ್ಪಳಿಸಿ ವಾದ ಮಾಡುವುದನ್ನು ನೋಡಿರಬಹುದು. ಪ್ರವಾಸಿಗರಿಗೆ ಅದು ಜಗಳದ ಹಾಗೆ ಕಂಡರೂ ಅದು ಪಾಠ. ಅಲ್ಲಿ ಮತ್ತೆ ಮತ್ತೆ ಬರುವ ವಿಷಯಗಳಲ್ಲಿ ಒಂದು, "ನಾನು" ಎಂದು ನಾವು ಹಿಡಿದುಕೊಂಡಿರುವ ಗಟ್ಟಿ ವಸ್ತು ನಿಜಕ್ಕೂ ಇದೆಯೇ ಎಂಬುದು. ಬುದ್ಧನ ಕಾಲದಿಂದ ಬಂದ ಪ್ರಶ್ನೆ ಇದು. ನಾವು ವಾದಕ್ಕೆ ಇಳಿಯುವುದು ಬೇಡ. ಏಳನೆಯ ವಾರದಿಂದ, ಕೂತಿರುವ ಹೊತ್ತಿನ ಕೊನೆಯ ಐದು ನಿಮಿಷ ಮಾತ್ರ ಇದಕ್ಕೆ ಕೊಡಿ.

ಒಂದು ಸಣ್ಣ ಕಿರಿಕಿರಿ ಆರಿಸಿಕೊಳ್ಳಿ. ಬಸ್ಸಿನಲ್ಲಿ ಯಾರೋ ತಳ್ಳಿದ್ದು, ವಾಟ್ಸಾಪಿನಲ್ಲಿ ಉತ್ತರ ಕೊಡದೆ ಇದ್ದದ್ದು, ಅಷ್ಟು ಸಾಕು. ದೊಡ್ಡ ಗಾಯಗಳನ್ನು ಇಲ್ಲಿಗೆ ತರಬೇಡಿ. ಅದನ್ನು ನೆನೆದಾಗ ಮೈಯಲ್ಲಿ ಏನಾಗುತ್ತದೆ ನೋಡಿ. ಎದೆಯಲ್ಲಿ ಬಿಗಿ, ಮುಖದಲ್ಲಿ ಬಿಸಿ, ಹೊಟ್ಟೆಯಲ್ಲಿ ಹಿಡಿತ. ಅದು ಒಂದು. ಅದರ ಮೇಲೆ ಬರುವ ಮಾತು ಇನ್ನೊಂದು. "ನನಗೆ ಯಾರೂ ಬೆಲೆ ಕೊಡಲ್ಲ", "ನಾನು ಯಾವಾಗಲೂ ಹೀಗೇ". ಬಿಗಿ ಬಿಗಿಯಾಗಿರಲಿ. ಮಾತನ್ನು ಮಾತಾಗಿ ಕೇಳಿಸಿಕೊಳ್ಳಿ. ನಿಜವೋ ಸುಳ್ಳೋ ತೀರ್ಮಾನ ಬೇಡ.

ಆಮೇಲೆ ಒಂದೇ ಪ್ರಶ್ನೆ. ಈ ಮಾತು ಕೇಳಿಸುತ್ತಿದೆಯಲ್ಲ, ಕೇಳುತ್ತಿರುವುದು ಎಲ್ಲಿಂದ? ತಲೆಯೊಳಗೆ ಎಲ್ಲಾದರೂ ಒಂದು ಜಾಗ ಸಿಗುತ್ತದಾ? ಹುಡುಕಿ. ಉತ್ತರ ಹೇಳಬೇಕಾಗಿಲ್ಲ. ಹೆಚ್ಚಿನ ಸಲ ಕಣ್ಣಿನ ಹಿಂದಿನ ಒಂದು ಒತ್ತಡ, ಹಣೆಯ ಒಂದು ಬಿಗಿ, ಇನ್ನೊಂದು ಯೋಚನೆ ಸಿಗುತ್ತದೆ. ಅವೆಲ್ಲ ಮತ್ತೆ ಗಮನಕ್ಕೆ ಬರುವ ವಸ್ತುಗಳೇ. ಯಜಮಾನ ಸಿಗುವುದಿಲ್ಲ. ಏನೂ ಅನ್ನಿಸದಿದ್ದರೆ ಉಸಿರಿಗೆ ವಾಪಸ್ ಬನ್ನಿ. ವಿಶೇಷ ಅನುಭವ ಬರಲಿ ಎಂದು ಕಾಯುವುದೇ ಈ ಹಂತದ ದೊಡ್ಡ ಅಡ್ಡಿ.

ಇದರ ಉಪಯೋಗ ಏನು ಎಂದು ಕೇಳುವವರಿಗೆ ನೋವಿನ ಪ್ರಯೋಗವೇ ಉತ್ತರ. ಫಾಡೆಲ್ ಜೈಡನ್ ಎಂಬ ವಿಜ್ಞಾನಿ ಬಹಳ ವರ್ಷದಿಂದ ಧ್ಯಾನ ಮತ್ತು ನೋವಿನ ಮೇಲೆ ಕೆಲಸ ಮಾಡುತ್ತಿದ್ದಾರೆ. 2011ರಲ್ಲಿ, ದಿನಕ್ಕೆ 20 ನಿಮಿಷದಂತೆ ನಾಲ್ಕೇ ದಿನ ಕಲಿತ ಹೊಸಬರಿಗೆ ಬಿಸಿ ತಾಗಿಸಿ ನೋಡಿದರು. ಧ್ಯಾನ ಮಾಡುತ್ತಿದ್ದಾಗ ನೋವಿನ ತೀವ್ರತೆ ಶೇಕಡಾ 40ರಷ್ಟು ಕಡಿಮೆ ಎಂದು ಆ ಹೊಸಬರು ಹೇಳಿದರು. ನೋವಿನ ಕಿರಿಕಿರಿ, ಅಂದರೆ ಅದು ಎಷ್ಟು ಕಾಡಿತು ಎಂಬುದು, ಶೇಕಡಾ 57ರಷ್ಟು ಇಳಿದಿತ್ತು. ತೀವ್ರತೆಗಿಂತ ಕಾಟ ಜಾಸ್ತಿ ಇಳಿದದ್ದನ್ನು ಗಮನಿಸಿ. 2022ರಲ್ಲಿ ಜೈಡನ್ ಅವರ ತಂಡ ಇದರ ಒಳಗುಟ್ಟು ಹುಡುಕಿತು. ಮೈಯಿಂದ ಬರುವ ಸುದ್ದಿಯನ್ನು ದಾಟಿಸುವ ಥಲಾಮಸ್‌ಗೂ ಡೀಫಾಲ್ಟ್ ಮೋಡ್ ಭಾಗಗಳಿಗೂ ಇರುವ ನಂಟು ಧ್ಯಾನದ ಹೊತ್ತಲ್ಲಿ ಸಡಿಲವಾಗಿತ್ತು. ಬಿಸಿ ತಾಗಿದ ಸುದ್ದಿ ಬಂತು. "ಅಯ್ಯೋ ನನಗೆ" ಎಂಬ ಕಥೆ ಅದಕ್ಕೆ ಅಂಟಿಕೊಳ್ಳುವುದು ಕಡಿಮೆಯಾಯಿತು.

ದಿನದ ಬದುಕಿಗೆ ಇದನ್ನು ತರಲು ಬೇರೆ ಹೊತ್ತು ತೆಗೆಯಬೇಕಿಲ್ಲ. ಪಾತ್ರೆ ತೊಳೆಯುವಾಗ ನೀರಿನ ತಂಪು, ನಡೆಯುವಾಗ ಪಾದ, ಸಿಗ್ನಲ್‌ನಲ್ಲಿ ನಿಂತಾಗ ಮೂರು ಉಸಿರು. ಗಾಡಿ ಓಡಿಸುವಾಗ ಮಾತ್ರ ಗಮನ ರಸ್ತೆಯ ಮೇಲೇ ಇರಲಿ.

ಮೆದುಳು ದಪ್ಪ ಆಗುತ್ತದಾ?

ಧ್ಯಾನ ಮಾಡಿದರೆ ಎಂಟು ವಾರದಲ್ಲಿ ಮೆದುಳಿನ ಆಕಾರವೇ ಬದಲಾಗುತ್ತದೆ ಎಂಬ ಮಾತು ನೀವು ಕೇಳಿರುತ್ತೀರಿ. ಅದು ಹುಟ್ಟಿದ್ದು ಹೀಗೆ. 2005ರಲ್ಲಿ ಬಾಸ್ಟನ್‌ನ ಸಾರಾ ಲಾಜರ್, ಧ್ಯಾನ ಮಾಡುವ 20 ಜನರಲ್ಲಿ ಇನ್ಸುಲಾದಂಥ ಕೆಲವು ಭಾಗ ದಪ್ಪಗಿವೆ ಎಂದು ವರದಿ ಮಾಡಿದರು. 2011ರಲ್ಲಿ ಬ್ರಿಟ್ಟಾ ಹೋಲ್‌ಜೆಲ್ ಜೊತೆಗೂಡಿ, ಎಂಟು ವಾರದ ತರಗತಿ ಮುಗಿಸಿದ 16 ಜನರಲ್ಲಿ ನೆನಪಿಗೆ ಬೇಕಾದ ಹಿಪ್ಪೊಕ್ಯಾಂಪಸ್ ಸೇರಿ ಕೆಲವು ಕಡೆ ಬೂದು ಭಾಗ (ನರಕೋಶಗಳು ತುಂಬಿರುವ ಭಾಗ) ಹೆಚ್ಚಿದೆ ಎಂದರು. ಆ ಜನ ಮನೆಯಲ್ಲಿ ದಿನಕ್ಕೆ ಸರಾಸರಿ 27 ನಿಮಿಷ ಅಭ್ಯಾಸ ಮಾಡಿದ್ದರು. ಪತ್ರಿಕೆಗಳಿಗೆ ಹಬ್ಬ.

16 ಜನ ತೀರಾ ಕಡಿಮೆ. 2022ರಲ್ಲಿ ವಿಸ್ಕಾನ್ಸಿನ್‌ನ ರಿಚರ್ಡ್ ಡೇವಿಡ್‌ಸನ್ ಅವರ ಪ್ರಯೋಗಾಲಯದಿಂದ 218 ಜನರ ಅಧ್ಯಯನ ಬಂತು. ಡೇವಿಡ್‌ಸನ್ ಧ್ಯಾನದ ವಿರೋಧಿಯಲ್ಲ, ದಶಕಗಳಿಂದ ಟಿಬೆಟಿನ ಭಿಕ್ಷುಗಳ ಮೆದುಳನ್ನು ಅಧ್ಯಯನ ಮಾಡಿದವರು. ಅವರ ತಂಡವೇ ಹೇಳಿತು: ಎಂಟು ವಾರದ ತರಗತಿಯಿಂದ ಮೆದುಳಿನ ರಚನೆ ಬದಲಾದ ಗುರುತು ಇಲ್ಲ. ನನ್ನ ಮಟ್ಟಿಗೆ ಇದು ಬೇಸರದ ಸುದ್ದಿ ಅಲ್ಲ. ಮೆದುಳು ಕೆಲಸ ಮಾಡುವ ರೀತಿ ಬದಲಾಗುವುದು ಒಂದು, ಅದರ ದಪ್ಪ ಬದಲಾಗುವುದು ಇನ್ನೊಂದು. ಎಂಟು ವಾರಕ್ಕೆ ಎರಡನೆಯದನ್ನು ಮಾರುವವರಿಂದ ದೂರ ಇರಿ.

ಮನಸ್ಸಿಗೆ ಆಗುವ ಲಾಭದ ಲೆಕ್ಕ ಇದಕ್ಕಿಂತ ಗಟ್ಟಿ. 2014ರಲ್ಲಿ 47 ಪ್ರಯೋಗಗಳನ್ನು, 3,515 ಜನರನ್ನು ಒಟ್ಟಿಗೆ ನೋಡಿದ ಪರಿಶೀಲನೆ, ಆತಂಕ, ಖಿನ್ನತೆ, ನೋವಿನಲ್ಲಿ ಸಾಧಾರಣ ಮಟ್ಟದ ಸುಧಾರಣೆ ಇದೆ ಎಂದಿತು. ವ್ಯಾಯಾಮ, ಔಷಧಿಗಳಂಥ ಬೇರೆ ದಾರಿಗಳಿಗಿಂತ ಧ್ಯಾನವೇ ಮೇಲು ಎನ್ನಲು ಆಧಾರ ಸಿಗಲಿಲ್ಲ. 2022ರಲ್ಲಿ ಎಲಿಜಬೆತ್ ಹೋಗ್ ಅವರ ತಂಡ ಆತಂಕದ ಕಾಯಿಲೆ ಇದ್ದ 276 ಜನರನ್ನು ಎರಡು ಗುಂಪು ಮಾಡಿತು. ಒಂದಕ್ಕೆ ಆತಂಕಕ್ಕೆ ಕೊಡುವ ಎಸಿಟಲೊಪ್ರಾಮ್ ಮಾತ್ರೆ, ಇನ್ನೊಂದಕ್ಕೆ ಎಂಟು ವಾರದ ತರಗತಿ. ಧ್ಯಾನ ಮಾತ್ರೆಗಿಂತ ಹಿಂದೆ ಬೀಳಲಿಲ್ಲ. ಇದನ್ನು ಓದಿ ನಿಮ್ಮ ಮಾತ್ರೆ ನೀವೇ ನಿಲ್ಲಿಸಬೇಡಿ. ಅದು ವೈದ್ಯರ ಜೊತೆ ಕೂತು ಮಾಡುವ ತೀರ್ಮಾನ.

ಎಲ್ಲಿ ನಿಲ್ಲಿಸಬೇಕು

"ನಾನು" ಸಡಿಲವಾಗುವುದು ಎಲ್ಲರಿಗೂ ಹಿತವಲ್ಲ. ಬ್ರೌನ್ ವಿಶ್ವವಿದ್ಯಾಲಯದ ವಿಲೊಬಿ ಬ್ರಿಟನ್ ಮತ್ತು ಜೇರೆಡ್ ಲಿಂಡಾಲ್ 2017ರಲ್ಲಿ ಧ್ಯಾನಿಗಳನ್ನೂ ಗುರುಗಳನ್ನೂ ಮಾತಾಡಿಸಿ, ಕಷ್ಟ ಕೊಡಬಲ್ಲ 59 ಬಗೆಯ ಅನುಭವಗಳನ್ನು ಪಟ್ಟಿ ಮಾಡಿದರು. "ನಾನು" ಎಂಬ ಅರಿವು ಏರುಪೇರಾಗುವುದಕ್ಕೇ ಅದರಲ್ಲಿ ಒಂದು ಪ್ರತ್ಯೇಕ ವಿಭಾಗ ಇದೆ. ತನ್ನ ಕೈ ತನ್ನದಲ್ಲ ಅನ್ನಿಸುವುದು, ಮನೆ, ಬೀದಿ, ಜನ ಯಾವುದೂ ನಿಜವಲ್ಲ ಅನ್ನಿಸುವುದು, ಧ್ಯಾನ ಮುಗಿದ ಮೇಲೂ ಅದು ಹೋಗದೆ ಇರುವುದು ಇಂಥವು. ಒಬ್ಬರಿಗೆ ಹಗುರ ಅನ್ನಿಸಿದ್ದೇ ಇನ್ನೊಬ್ಬರಿಗೆ ದಿಗಿಲು ಹುಟ್ಟಿಸಬಹುದು.

ಹೀಗಾದರೆ ಜಾಸ್ತಿ ಧ್ಯಾನ ಮಾಡಿ ದಾಟಿಬಿಡೋಣ ಎಂದು ಹೊರಡಬೇಡಿ. ನಿಲ್ಲಿಸಿ. ಕಣ್ಣು ಬಿಡಿ, ಎದ್ದು ಓಡಾಡಿ, ತಣ್ಣೀರಿನಲ್ಲಿ ಮುಖ ತೊಳೆಯಿರಿ, ಏನಾದರೂ ತಿನ್ನಿ, ಮನೆಯವರ ಜೊತೆ ಮಾತಾಡಿ. ನಿದ್ದೆ ಕೆಡುತ್ತಿದ್ದರೆ, ಹಳೆಯ ಆಘಾತದ ನೆನಪು ಬಿಡದೆ ಕಾಡುತ್ತಿದ್ದರೆ, ಇಲ್ಲದ ದನಿ ಕೇಳುತ್ತಿದ್ದರೆ ಮನೋವೈದ್ಯರನ್ನು ಕಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416ಕ್ಕೆ ಕರೆ ಮಾಡಬಹುದು. ಉಚಿತ, ದಿನದ ಯಾವ ಹೊತ್ತಲ್ಲೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮೊದಲೇ ಸೈಕೋಸಿಸ್ (ನಿಜ, ಭ್ರಮೆಗಳ ವ್ಯತ್ಯಾಸ ತಿಳಿಯದೆ ಹೋಗುವುದು) ಅಥವಾ ಬೈಪೋಲಾರ್ (ಅತಿ ಉತ್ಸಾಹ, ಖಿನ್ನತೆಗಳ ನಡುವೆ ತೂಗಾಡುವುದು) ಕಾಯಿಲೆ ಇದ್ದವರು ಆರನೆಯ ಹಂತವನ್ನು ವೈದ್ಯರನ್ನು ಕೇಳದೆ ಮುಟ್ಟಬೇಡಿ.

ಹತ್ತು ದಿನದ ಶಿಬಿರಕ್ಕೆ ಹೋಗುವ ಮುನ್ನ

ಎಂಟು ವಾರ ಮುಗಿದ ಮೇಲೆ ಹಲವರಿಗೆ ಶಿಬಿರದ ಆಸೆ ಹುಟ್ಟುತ್ತದೆ. ನಮ್ಮಲ್ಲಿ ಹೆಚ್ಚು ಜನ ಹೋಗುವುದು ಎಸ್. ಎನ್. ಗೋಯೆಂಕಾ ಪರಂಪರೆಯ ವಿಪಶ್ಯನಾ ಶಿಬಿರಕ್ಕೆ. ಬೆಂಗಳೂರಿನ ಹೊರವಲಯದಲ್ಲಿ ಅವರ ಧಮ್ಮ ಪಫುಲ್ಲ ಕೇಂದ್ರ ಇದೆ. ಊಟ, ವಸತಿಗೆ ಹಣ ಕೇಳುವುದಿಲ್ಲ, ಶಿಬಿರ ಮುಗಿಸಿದವರ ದಾನದಿಂದ ನಡೆಯುತ್ತದೆ. ಬೆಳಗ್ಗೆ ನಾಲ್ಕಕ್ಕೆ ಗಂಟೆ. ದಿನಕ್ಕೆ ಹತ್ತು ಗಂಟೆಯಷ್ಟು ಕೂರಬೇಕು. ಫೋನು, ಪುಸ್ತಕ, ಮಾತು ಯಾವುದೂ ಇಲ್ಲ. ಮೊದಲ ಮೂರು ದಿನ ಬರೀ ಉಸಿರು, ನಾಲ್ಕನೆಯ ದಿನದಿಂದ ಮೈಯ ಮೇಲೆ ಗಮನ. ಮೇಲಿನ ಎರಡನೆಯ ಮತ್ತು ಐದನೆಯ ಹಂತದ ಪರಿಚಯ ಇದ್ದರೆ ಅಲ್ಲಿ ಕೂರುವುದು ಸ್ವಲ್ಪ ಸುಲಭ.

ದಿನಕ್ಕೆ ಹತ್ತು ನಿಮಿಷ ಕೂತು ಗೊತ್ತಿಲ್ಲದವರು ನೇರ ಅಲ್ಲಿಗೆ ಹೋಗುವುದು ನನಗೆ ಸರಿ ಕಾಣುವುದಿಲ್ಲ. ಹೋಗಿ ಬಂದವರು ಒಪ್ಪಲಿಕ್ಕಿಲ್ಲ, ಇರಲಿ. ಆದರೆ ಅರ್ಜಿಯಲ್ಲಿ ಮಾನಸಿಕ ಆರೋಗ್ಯದ ಪ್ರಶ್ನೆ ಇರುತ್ತದೆ. ಸೀಟು ಸಿಗದೆ ಹೋದೀತು ಎಂದು ಅಲ್ಲಿ ಏನನ್ನೂ ಮುಚ್ಚಿಡಬೇಡಿ. ತೆಗೆದುಕೊಳ್ಳುವ ಮಾತ್ರೆಯ ಹೆಸರು ಬರೆಯಿರಿ, ಶಿಬಿರದ ದಿನಗಳಲ್ಲೂ ಅದನ್ನು ಬಿಡಬೇಡಿ. ವಾಪಸ್ ಬಂದ ಮೇಲೆ ಒಂದೆರಡು ದಿನ ರಜೆ ಇಟ್ಟುಕೊಳ್ಳಿ. ಹತ್ತು ದಿನದ ಮೌನದಿಂದ ನೇರ ಸೋಮವಾರದ ಮೀಟಿಂಗಿಗೆ ಹೋಗುವುದು ಕಷ್ಟ.